ಸ್ಟೀಲ್ ತೊಳೆಯುವ ಸರಕುಗಳ ವಿಮರ್ಶೆ: ಯಾವುದು ಶೆಲ್ಫಿನಲ್ಲಿರಬೇಕು, ಯಾವುದು ಅಡುಗೆಮನೆಯ ಹೊರಗಿರಬೇಕು

ವಾಣಿಜ್ಯ ಅಡುಗೆಮನೆಯಲ್ಲಿ ಸ್ಟೇನ್‌ಲೆಸ್ ಸ್ಟೀಲು ಅಡುಗೆ ಮಾಡಿ ಕೆಟ್ಟದ್ದಕ್ಕಿಂತ ತೊಳೆದು ಕೆಟ್ಟದ್ದೇ ಹೆಚ್ಚು. ಹೊಸ ಟೇಬಲ್ಲು, ಹೊಸ ಸಿಂಕು. ವರ್ಷ ತುಂಬುವುದರೊಳಗೆ ಮೈಮೇಲೆಲ್ಲ ಕಂದು ಚುಕ್ಕೆ. ಮಾರಿದವರು ಕಳಪೆ ಮಾಲು ಕೊಟ್ಟರು ಎಂದು ಬೈಗುಳ ಶುರುವಾಗುತ್ತದೆ. ಬೈಯುವ ಮೊದಲು ತೊಳೆಯುವ ಜಾಗದ ಶೆಲ್ಫಿನತ್ತ ಕಣ್ಣು ಹಾಯಿಸಿದರೆ ಅರ್ಧ ಉತ್ತರ ಅಲ್ಲೇ ಕೂತಿರುತ್ತದೆ: ಕಬ್ಬಿಣದ ನಾರಿನ ಒಂದು ಉಂಡೆ, ಒಂದು ಕ್ಯಾನು ಬ್ಲೀಚು, ಒಂದು ಹೊಳಪಿನ ಸ್ಪ್ರೇ. ಮೊದಲನೆಯದು ಗೀರುತ್ತದೆ, ಎರಡನೆಯದು ತೂತು ಕೊರೆಯುತ್ತದೆ, ಮೂರನೆಯದು ಎರಡನ್ನೂ ಮುಚ್ಚಿಡುತ್ತದೆ.

ಪಾತ್ರೆ ತೊಳೆಯುವ ದ್ರವ ಸೋಪು, ಕ್ಷಾರದ ಡಿಗ್ರೀಸರ್, ಆಕ್ಸಾಲಿಕ್ ಆಮ್ಲದ ಪುಡಿ, ಸಿಟ್ರಿಕ್ ಆಮ್ಲ, ಉಜ್ಜುವ ಪ್ಯಾಡುಗಳು, ಬ್ಲೀಚು, ಹೊಳಪಿನ ಸ್ಪ್ರೇ, ಕೊನೆಗೆ ಒರೆಸುವ ಬಟ್ಟೆ. ಇಷ್ಟನ್ನು ಇಲ್ಲಿ ತೂಗಿ ನೋಡಿದ್ದೇವೆ. ಎಲ್ಲಕ್ಕೂ ಒಂದೇ ಉದ್ದದ ಮಾತು ಬೇಕಿಲ್ಲ. ಡಿಗ್ರೀಸರ್ ಮತ್ತು ಬ್ಲೀಚಿನ ವಿಷಯದಲ್ಲಿ ತಪ್ಪುಗಳು ಹೆಚ್ಚು, ಹಾಗಾಗಿ ಅಲ್ಲಿ ಮಾತೂ ಹೆಚ್ಚು.

ಮೊದಲು, ಕಾಪಾಡಬೇಕಾದದ್ದು ಏನು ಎಂಬುದು ಗೊತ್ತಿರಲಿ. ಉಕ್ಕಿನಲ್ಲಿ ಕನಿಷ್ಠ ಶೇ 10.5ರಷ್ಟು ಕ್ರೋಮಿಯಂ ಇದ್ದರೆ ಅದು ಸ್ಟೇನ್‌ಲೆಸ್. ಆ ಕ್ರೋಮಿಯಂ ಗಾಳಿಯ ಆಮ್ಲಜನಕದ ಜೊತೆ ಸೇರಿ ಮೈಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಪೊರೆ ಕಟ್ಟುತ್ತದೆ. ತುಕ್ಕನ್ನು ತಡೆಯುವುದು ಆ ಪೊರೆ. ಗೀರು ಬಿದ್ದರೆ ಗಾಳಿ ತಾಗಿ ತಾನಾಗಿಯೇ ಕೂಡಿಕೊಳ್ಳುತ್ತದೆ. ಜಿಡ್ಡು, ಸುಣ್ಣ, ಒದ್ದೆ ಬಟ್ಟೆ, ರಬ್ಬರ್ ಮ್ಯಾಟು ಕೂತಿರುವ ಕಡೆ ಗಾಳಿ ಆಡುವುದಿಲ್ಲ. ಅಲ್ಲಿ ಒಮ್ಮೆ ಪೊರೆ ಹರಿದರೆ ಮತ್ತೆ ಕೂಡಲು ದಾರಿಯಿಲ್ಲ. ರಾತ್ರಿಯಿಡೀ ಟೇಬಲ್ಲಿನ ಮೇಲೆ ಒದ್ದೆ ಮ್ಯಾಟು ಬಿಟ್ಟರೆ ಅದರ ಅಂಚಿನ ಆಕಾರದಲ್ಲೇ ತುಕ್ಕಿನ ಗೆರೆ ಮೂಡುವುದು ಈ ಕಾರಣಕ್ಕೆ.

ಎಲ್ಲ ಸ್ಟೀಲೂ ಒಂದೇ ಅಲ್ಲ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಟೇಬಲ್ಲು, ಸಿಂಕುಗಳಿಗೆ ಬಳಸುವ 304 ಎಂಬ ದರ್ಜೆಯ ಸ್ಟೀಲಿನಲ್ಲಿ ಸುಮಾರು ಶೇ 18 ಕ್ರೋಮಿಯಂ, ಶೇ 8 ನಿಕಲ್ ಇರುತ್ತದೆ. ಫ್ರಿಜ್ಜಿನ ಬಾಗಿಲು, ಉಪಕರಣಗಳ ಹೊರಮೈಗೆ ಹೆಚ್ಚಾಗಿ ಬರುವ 430ರಲ್ಲಿ ಕ್ರೋಮಿಯಂ ಇದೆ, ನಿಕಲ್ ಇಲ್ಲ. ಅಯಸ್ಕಾಂತ ಗಟ್ಟಿಯಾಗಿ ಅಂಟಿದರೆ 430 ಇರಬಹುದು ಎಂದುಕೊಳ್ಳಿ, ಉಪ್ಪು ಮತ್ತು ಬ್ಲೀಚಿನಿಂದ ಅದನ್ನು ಇನ್ನಷ್ಟು ದೂರವಿಡಿ. 304ರ ಸಿಂಕಿನ ಮೂಲೆಯಲ್ಲಿ ಅಯಸ್ಕಾಂತ ಸ್ವಲ್ಪ ಸೆಳೆದರೆ ಗಾಬರಿ ಬೇಡ. ತಗಡನ್ನು ಒತ್ತಿ ಬಗ್ಗಿಸಿದ ಕಡೆ ಹಾಗಾಗುತ್ತದೆ. 316ರಲ್ಲಿ ಶೇ 2ರಿಂದ 3ರಷ್ಟು ಮಾಲಿಬ್ಡಿನಂ ಸೇರಿರುವುದರಿಂದ ಉಪ್ಪಿಗೆ ಅದು ಹೆಚ್ಚು ತಾಳಿಕೊಳ್ಳುತ್ತದೆ.

ದ್ರವ ಸೋಪು

ಹತ್ತರಲ್ಲಿ ಎಂಟು ಕೆಲಸ ಇದರಲ್ಲೇ ಮುಗಿಯುತ್ತದೆ. ಒಂದು ಲೀಟರ್ ಬಿಸಿನೀರಿಗೆ 5 ಮಿಲಿ ಸೋಪು ಸಾಕು. ನೀರು ಕೈ ತಾಳುವಷ್ಟು, 40ರಿಂದ 45 ಡಿಗ್ರಿ ಸೆಲ್ಸಿಯಸ್ ಇರಲಿ. ಹೆಚ್ಚು ಸೋಪು ಹಾಕಿದರೆ ಹೆಚ್ಚು ಶುಚಿ ಎಂಬ ಲೆಕ್ಕ ಇಲ್ಲಿ ತಿರುಗಿ ಹೊಡೆಯುತ್ತದೆ. ಉಳಿದ ಸೋಪು ಒಣಗಿ ಮಬ್ಬು ಪದರವಾಗುತ್ತದೆ, ಆ ಮಬ್ಬನ್ನು ನೋಡಿ ಯಾರೋ ಹೊಳಪಿನ ಸ್ಪ್ರೇ ತರುತ್ತಾರೆ, ಸೋಪಿನ ಮೇಲೆ ಎಣ್ಣೆ ಕೂರುತ್ತದೆ.

ಕ್ರಮ ಸರಳ: ಸೋಪು ನೀರಲ್ಲಿ ಒರೆಸು, ಬರೀ ನೀರಲ್ಲಿ ಒರೆಸು, ಒಣ ಬಟ್ಟೆಯಲ್ಲಿ ಒರೆಸು. ಜನ ಬಿಟ್ಟುಬಿಡುವುದು ಮೂರನೆಯದನ್ನು. ಗಡಸು ನೀರಿನ ಒಂದೊಂದು ಹನಿಯೂ ಒಣಗಿದ ಮೇಲೆ ಸುಣ್ಣದ ಬಳೆ ಬಿಟ್ಟುಹೋಗುತ್ತದೆ, ಅದರ ಮೇಲೆ ಇನ್ನೊಂದು ಕೂರುತ್ತದೆ. ತಿಂಗಳು ಕಳೆದ ಮೇಲೆ ಆಮ್ಲ ಹಾಕಿ ಎಬ್ಬಿಸಬೇಕಾದದ್ದನ್ನು ಆ ಹೊತ್ತಿನ ಅರ್ಧ ನಿಮಿಷದ ಒಣ ಬಟ್ಟೆ ತಪ್ಪಿಸುತ್ತದೆ.

ಸ್ಟೀಲಿನ ಮೈಯಲ್ಲಿ ಸಣ್ಣ ಸಣ್ಣ ಸಮಾನಾಂತರ ಗೆರೆಗಳಿರುತ್ತವೆ. ಕಾರ್ಖಾನೆಯಲ್ಲಿ ಬೆಲ್ಟಿನಿಂದ ಉಜ್ಜಿ ಕೊಟ್ಟ ಫಿನಿಶ್ ಅದು. ಒರೆಸುವುದು ಆ ಗೆರೆಗಳ ಉದ್ದಕ್ಕೇ ಆಗಬೇಕು. ಅಡ್ಡ ಒರೆಸಿದರೆ ಕೊಳೆ ಗೆರೆಯ ಸಂದಿಯೊಳಗೆ ಕೂರುತ್ತದೆ. ಅಡ್ಡ ಬಿದ್ದ ಗೀರು ದೂರದಿಂದಲೇ ಕಣ್ಣಿಗೆ ಚುಚ್ಚುತ್ತದೆ. ಗುಂಡಗೆ ಸುತ್ತಿಸಿ ಒರೆಸುವ ಅಭ್ಯಾಸ ಇಲ್ಲಿಗೆ ಸಲ್ಲದು.

ಶುಚಿಯಾಯಿತೋ ಇಲ್ಲವೋ ಎಂದು ನೋಡಲು ಉಪಕರಣವೇನೂ ಬೇಡ. ಶುದ್ಧ ನೀರನ್ನು ಮೈಮೇಲೆ ಹರಿಸಿ ನೋಡಿ. ನೀರು ಒಂದೇ ಹಾಳೆಯಂತೆ ಇಳಿದರೆ ಜಿಡ್ಡಿಲ್ಲ. ಎಲ್ಲೋ ಒಂದು ಕಡೆ ಹರಿದು, ಹನಿ ಹನಿಯಾಗಿ ದುಂಡಗೆ ನಿಂತರೆ ಅಲ್ಲಿ ಎಣ್ಣೆಯಿದೆ. ಕಣ್ಣಿಗೆ ಥಳಥಳ ಅನ್ನಿಸಿದ ಎಷ್ಟೋ ಟೇಬಲ್ಲುಗಳು ಈ ಪರೀಕ್ಷೆಯಲ್ಲಿ ಫೇಲಾಗುತ್ತವೆ.

ಕ್ಷಾರದ ಡಿಗ್ರೀಸರ್

ಒಲೆಯ ಹಿಂದಿನ ತಗಡು, ಹೊಗೆ ಹುಡ್ಡು, ಫ್ರೈಯರಿನ ಪಕ್ಕ, ಓವನ್ನಿನ ಒಳಮೈ. ಇಲ್ಲೆಲ್ಲ ಸೋಪು ಸೋಲುತ್ತದೆ. ಎಣ್ಣೆ ಮತ್ತೆ ಮತ್ತೆ ಕಾದು ಗಾಳಿಯ ಜೊತೆ ಸೇರಿ ವಾರ್ನಿಶಿನಂತೆ ಗಟ್ಟಿಕಟ್ಟಿರುತ್ತದೆ; ಹಳದಿಯಿಂದ ಕಂದು, ಕಂದಿನಿಂದ ಕಪ್ಪು. ಅದನ್ನು ಒಡೆಯಲು ಕಾಸ್ಟಿಕ್ ಸೋಡಾ ಅಥವಾ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಇರುವ ಡಿಗ್ರೀಸರೇ ಬೇಕು. ಕೊಬ್ಬನ್ನು ಅದು ಸೋಪಾಗಿ ಮಾರ್ಪಡಿಸಿ ನೀರಿಗೆ ಬಿಡುತ್ತದೆ. ಅಡುಗೆಮನೆಯ ಬಳಕೆಯ ಪ್ರಮಾಣದಲ್ಲಿ ಸ್ಟೇನ್‌ಲೆಸ್ ಸ್ಟೀಲಿಗೆ ಕ್ಷಾರದಿಂದ ತೊಂದರೆ ಇಲ್ಲ.

ಡಬ್ಬಿಯ ಚೀಟಿಯಲ್ಲಿ ನೀರು ಬೆರೆಸುವ ಪ್ರಮಾಣ ಇರುತ್ತದೆ. ನಿತ್ಯದ ಜಿಡ್ಡಿಗೆ ತೆಳುವಾಗಿ, ಕರಕಲಿಗೆ ದಟ್ಟವಾಗಿ ಎಂದು ಎರಡು ಅಳತೆ ಕೊಟ್ಟಿರುತ್ತಾರೆ. ಎಲ್ಲದಕ್ಕೂ ದಟ್ಟವಾದದ್ದನ್ನೇ ಬಳಸುವುದು ದುಂದು, ಕೈ ಮತ್ತು ಕಣ್ಣಿಗೆ ಅಪಾಯ ಬೇರೆ. ಬೆರೆಸುವಾಗ ನೀರಿಗೆ ಡಿಗ್ರೀಸರ್ ಸುರಿಯಬೇಕು, ಡಿಗ್ರೀಸರಿಗೆ ನೀರನ್ನಲ್ಲ. ಕೈಗೆ ಮೊಣಕೈವರೆಗಿನ ರಬ್ಬರ್ ಗ್ಲೌಸು, ಕಣ್ಣಿಗೆ ಗಾಗಲ್ಸು ಕಡ್ಡಾಯ. ತಲೆಯ ಮೇಲಿನ ಹುಡ್ಡಿಗೆ ಸ್ಪ್ರೇ ಮಾಡುವಾಗ ಹನಿ ಕಣ್ಣಿಗೇ ಇಳಿಯುತ್ತದೆ. ಅಂಥ ಕಡೆ ಸ್ಪ್ರೇಗಿಂತ ನೊರೆ ಬರುವ ನಳಿಗೆ ಅಥವಾ ನೆನೆಸಿದ ಪ್ಯಾಡು ವಾಸಿ.

ಉರಿ ಆರಿಸಿ, ಮೈ ಬೆಚ್ಚಗಿರುವ ಹಂತಕ್ಕೆ ಬರಲು ಬಿಡಿ. ಕಾದ ಸ್ಟೀಲಿನ ಮೇಲೆ ಹಾಕಿದರೆ ನೀರು ಆವಿಯಾಗಿ ಕ್ಷಾರ ಅಲ್ಲೇ ಬಿಳಿಯಾಗಿ ಅಂಟುತ್ತದೆ, ಆವಿ ಮೂಗಿಗೆ ಹೊಡೆಯುತ್ತದೆ. ಪೂರ್ತಿ ತಣ್ಣಗಾದರೆ ಜಿಡ್ಡು ಕಲ್ಲಾಗಿರುತ್ತದೆ. ನಿಂತ ತಗಡಿಗೆ ಕೆಳಗಿನಿಂದ ಮೇಲಕ್ಕೆ ಹಚ್ಚಿಕೊಂಡು ಹೋಗಿ. ಮೇಲಿನಿಂದ ಶುರು ಮಾಡಿದರೆ ಒಣಗಿದ ಜಿಡ್ಡಿನ ಮೇಲೆ ಹನಿಗಳು ಜಾರಿ ಪಟ್ಟೆ ಬೀಳುತ್ತವೆ. 10ರಿಂದ 15 ನಿಮಿಷ ಬಿಡಿ. ಈ ಕಾಯುವಿಕೆಯೇ ಅರ್ಧ ಕೆಲಸ. ಹಚ್ಚಿದ ಕೂಡಲೇ ಮೈಬಲ ಹಾಕಿ ತಿಕ್ಕಲು ಹೊರಟವರು ಐದು ನಿಮಿಷದಲ್ಲಿ ಬೇಸತ್ತು ಕಬ್ಬಿಣದ ನಾರಿಗೆ ಕೈ ಹಾಕುತ್ತಾರೆ. ಒಣಗುತ್ತಾ ಬಂದರೆ ಮತ್ತೆ ಒಂದು ಸಲ ಹಚ್ಚಿ, ಒಣಗಲು ಬಿಡಬೇಡಿ. ಆಮೇಲೆ ನೈಲಾನ್ ಬ್ರಶ್ಶಿನಿಂದ ಗೆರೆಯುದ್ದಕ್ಕೆ ಉಜ್ಜಿ, ಮೇಲಿನಿಂದ ಕೆಳಕ್ಕೆ ಎರಡು ಸಲ ಶುದ್ಧ ನೀರಿನಲ್ಲಿ ತೊಳೆಯಿರಿ. ಬೆರಳಿಗೆ ಜಾರು ಜಾರು ಅನ್ನಿಸಿದರೆ ಕ್ಷಾರ ಇನ್ನೂ ಉಳಿದಿದೆ ಎಂದರ್ಥ. ಇದನ್ನು ಗ್ಲೌಸು ಹಾಕಿಯೇ ನೋಡಿ. ಒಂದು ಪಾಲು ವಿನೆಗರಿಗೆ ಹತ್ತು ಪಾಲು ನೀರು ಬೆರೆಸಿ ಒಮ್ಮೆ ಒರೆಸಿದರೆ ಆ ಜಾರು ಹೋಗುತ್ತದೆ. ನಂತರ ಮತ್ತೆ ನೀರು, ಕೊನೆಗೆ ಒಣ ಬಟ್ಟೆ.

ಡಿಗ್ರೀಸರಿನ ದೊಡ್ಡ ದೋಷ ಸ್ಟೀಲಿನದ್ದಲ್ಲ, ಸ್ಟೀಲಿನ ನೆರೆಹೊರೆಯದ್ದು. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ, ತಿನ್ನುವಾಗ ಹೈಡ್ರೋಜನ್ ಅನಿಲ ಬಿಡುತ್ತದೆ. ಹುಡ್ಡಿನ ಫಿಲ್ಟರುಗಳು ಕೆಲವು ಕಡೆ ಸ್ಟೀಲಿನವು, ಕೆಲವು ಕಡೆ ಅಲ್ಯೂಮಿನಿಯಂನವು. ಅಯಸ್ಕಾಂತ ಇಲ್ಲಿ ಕೈಕೊಡುತ್ತದೆ. 304ಕ್ಕೂ ಅದು ಅಂಟುವುದಿಲ್ಲ, ಅಲ್ಯೂಮಿನಿಯಂಗೂ ಅಂಟುವುದಿಲ್ಲ. ಕೈಯಲ್ಲಿ ಎತ್ತಿ ನೋಡಿ. ಅದೇ ಗಾತ್ರದ ಸ್ಟೀಲಿಗಿಂತ ಅಲ್ಯೂಮಿನಿಯಂ ಮೂರನೇ ಒಂದರಷ್ಟೇ ತೂಗುತ್ತದೆ. ಅನುಮಾನ ಉಳಿದರೆ ಮೂಲೆಯಲ್ಲಿ ಒಂದು ಹನಿ ಹಾಕಿ, ಗುಳ್ಳೆಯೆದ್ದರೆ ಅಲ್ಲಿಗೇ ನಿಲ್ಲಿಸಿ. ಅಲ್ಯೂಮಿನಿಯಂ ಫಿಲ್ಟರಿಗೆ ಕಾಸ್ಟಿಕ್ ಇಲ್ಲದ, ಅಲ್ಯೂಮಿನಿಯಂಗೆ ಸುರಕ್ಷಿತ ಎಂದೇ ಬರೆದಿರುವ ಡಿಗ್ರೀಸರ್ ಸಿಗುತ್ತದೆ. ಓವನ್, ಫ್ರಿಜ್ಜುಗಳ ಬಾಗಿಲಿನ ರಬ್ಬರ್ ಗ್ಯಾಸ್ಕೆಟ್ಟಿಗೂ ಕಾಸ್ಟಿಕ್ ಬೇಡ; ಅದಕ್ಕೆ ಸೋಪು ನೀರು, ಹಳೆಯ ಹಲ್ಲುಜ್ಜುವ ಬ್ರಶ್ಶು. ಗ್ರಿಡಲ್ಲಿನ ಕಾಯುವ ಪ್ಲೇಟು ಎಷ್ಟೋ ಕಡೆ ಸ್ಟೇನ್‌ಲೆಸ್ ಅಲ್ಲ, ಸಾದಾ ಉಕ್ಕು. ಡಿಗ್ರೀಸರ್ ಹಾಕಿದರೆ ಅದರ ಮೇಲೆ ಪಳಗಿದ ಎಣ್ಣೆಯ ಪದರ ಹೋಗಿ ಮರುದಿನವೇ ತುಕ್ಕು. ಬಟನ್ನು, ಡಿಸ್‌ಪ್ಲೇ ಇರುವ ಫಲಕಕ್ಕೆ ನೇರ ಸ್ಪ್ರೇ ಮಾಡದೆ, ಬಟ್ಟೆಗೆ ಹಾಕಿ ಒರೆಸಬೇಕು.

ಕೊಳ್ಳುವಾಗ ನೋಡಬೇಕಾದ ಒಂದು ಗುರುತು ಇದೆ. ಉತ್ಪನ್ನಗಳನ್ನು ಪರೀಕ್ಷಿಸಿ ದೃಢೀಕರಿಸುವ ಎನ್‌ಎಸ್‌ಎಫ್ ಸಂಸ್ಥೆಯ ನೋಂದಣಿ ಇರುವ ಡಬ್ಬಿಗಳ ಮೇಲೆ ವರ್ಗದ ಅಕ್ಷರ ಇರುತ್ತದೆ. ಎ1 ಎಂದರೆ ಸಾಮಾನ್ಯ ಕ್ಲೀನರ್, ಎ8 ಎಂದರೆ ಅಡುಗೆ ಉಪಕರಣಗಳ ಜಿಡ್ಡು ಮತ್ತು ಕರಕಲು ತೆಗೆಯುವಂಥದ್ದು, ಎ7 ಎಂದರೆ ಆಹಾರ ತಾಗದ ಮೈಗಳಿಗಷ್ಟೇ ಸಲ್ಲುವ ಲೋಹದ ಪಾಲಿಶು. ಈ ಕೊನೆಯದನ್ನು ನೆನಪಿಡಿ, ಸ್ಪ್ರೇ ವಿಷಯದಲ್ಲಿ ಮತ್ತೆ ಬೇಕಾಗುತ್ತದೆ.

ಆಕ್ಸಾಲಿಕ್ ಪುಡಿ

ಈ ಬಗೆಯಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಬಾರ್ ಕೀಪರ್ಸ್ ಫ್ರೆಂಡ್. 1882ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಹುಟ್ಟಿದ ಪುಡಿ. ಕೆಲಸ ಮಾಡುವ ಅಂಶ ಆಕ್ಸಾಲಿಕ್ ಆಮ್ಲ, ಜೊತೆಗೆ ನುಣ್ಣನೆಯ ಉಜ್ಜುವ ಪುಡಿ. ತುಕ್ಕಿನ ಕಲೆ, ಕಾದು ಬಂದ ಹಳದಿ-ನೀಲಿ ಛಾಯೆ, ಸೋಪಿಗೆ ಬಗ್ಗದ ಕಂದು ಮಬ್ಬು ಇವಕ್ಕೆ ಇದಕ್ಕಿಂತ ಒಳ್ಳೆಯದನ್ನು ಹುಡುಕುವ ಅಗತ್ಯ ಬೀಳುವುದಿಲ್ಲ. ತುಕ್ಕನ್ನು ತಿಕ್ಕಿ ಕೆರೆಯುವ ಬದಲು ಆಕ್ಸಾಲಿಕ್ ಆಮ್ಲ ಅದನ್ನು ಕರಗಿಸಿ ಹಿಡಿದಿಟ್ಟುಕೊಳ್ಳುತ್ತದೆ, ಗೀರು ಕಡಿಮೆ.

ಸಿಂಕಿನ ನಲ್ಲಿಯ ಹಿಂದೆ ಸಾಸಿವೆಯಷ್ಟು ಕಂದು ಚುಕ್ಕೆ ಇದೆ ಅನ್ನಿ. ಮೈ ಒದ್ದೆ ಮಾಡಿ, ಎರಡು ಪಾಲು ಪುಡಿಗೆ ಒಂದು ಪಾಲು ನೀರು ಕಲಸಿ ಪೇಸ್ಟು ಮಾಡಿ, ಒದ್ದೆ ಬಟ್ಟೆಯಲ್ಲಿ ಗೆರೆಯುದ್ದಕ್ಕೆ ಮೆಲ್ಲಗೆ ಹಿಂದೆ ಮುಂದೆ ಉಜ್ಜಿ. ಪೇಸ್ಟಿಗೆ ಕಂದು ಇಳಿಯುವುದು ಕಾಣುತ್ತದೆ. ಒಂದು ನಿಮಿಷದೊಳಗೆ ತೊಳೆದುಬಿಡಿ, ಅದು ಡಬ್ಬಿಯ ಮೇಲಿನ ಸೂಚನೆ ಕೂಡ. ಒರೆಸಿ ಒಣಗಿಸಿದ ಮೇಲೆ ಆ ಜಾಗದಲ್ಲಿ ಉಗುರು ಎಳೆದು ನೋಡಿ. ಉಗುರು ಜಾರಿಹೋದರೆ ಅದು ಬರೀ ಮೇಲಿನ ಕಲೆ. ಕಬ್ಬಿಣದ ಪುಡಿ ಎಲ್ಲಿಂದಲೋ ಬಂದು ಕೂತು ತುಕ್ಕು ಹಿಡಿದದ್ದು. ಉಗುರು ಸಿಕ್ಕಿಕೊಂಡರೆ ಗುಳಿ ಬಿದ್ದಿದೆ. ಬಣ್ಣ ಹೋದರೂ ಗುಳಿ ಹೋಗುವುದಿಲ್ಲ, ಉಪ್ಪುನೀರು ಅದರೊಳಗೆ ಕೂತು ಮತ್ತೆ ಬಣ್ಣ ಬರುತ್ತದೆ. ಯಾವ ಡಬ್ಬಿಯೂ ಅದಕ್ಕೆ ಮದ್ದಲ್ಲ.

ಪುಡಿಯ ಕೊರತೆಗಳೂ ಇವೆ. ಗಡಸು ನೀರಿನಲ್ಲಿ ಸರಿಯಾಗಿ ತೊಳೆಯದಿದ್ದರೆ ಬೂದಿ ಬಳಿದಂಥ ಬಿಳಿ ಮಬ್ಬು ಉಳಿಯುತ್ತದೆ. ನೀರಿನ ಕ್ಯಾಲ್ಸಿಯಂ ಆಕ್ಸಾಲಿಕ್ ಆಮ್ಲದ ಜೊತೆ ಸೇರಿ ನೀರಿನಲ್ಲಿ ಕರಗದ ಕ್ಯಾಲ್ಸಿಯಂ ಆಕ್ಸಲೇಟ್ ಆಗುತ್ತದೆ. ಪುಡಿ ಸಾಲಲಿಲ್ಲ ಎಂದುಕೊಂಡು ಇನ್ನಷ್ಟು ಹಾಕಿದರೆ ಮಬ್ಬು ಇನ್ನಷ್ಟು ಹೆಚ್ಚುತ್ತದೆ. ಬೇಕಾದದ್ದು ಹೆಚ್ಚು ನೀರು, ಒಣಗುವ ಮೊದಲೇ ಒರೆಸುವುದು. ಕನ್ನಡಿ ಫಿನಿಶ್‌ನ ಸ್ಟೀಲಿಗೆ, ಬೆರಳಚ್ಚು ಮೂಡದಂತೆ ಲೇಪನ ಕೊಟ್ಟ ಬಾಗಿಲುಗಳಿಗೆ ಈ ಪುಡಿ ಹಾಕಲೇಬಾರದು. ಮೊದಲನೆಯದು ಮಂಕಾಗುತ್ತದೆ, ಎರಡನೆಯದರ ಲೇಪನ ಕಿತ್ತುಬರುತ್ತದೆ. ಆಕ್ಸಾಲಿಕ್ ಆಮ್ಲ ಹೊಟ್ಟೆಗೆ ಹೋದರೆ ವಿಷ, ಪುಡಿ ಮೂಗಿಗೆ ಹೋದರೆ ಉರಿ. ಗ್ಲೌಸು ಬೇಕು, ಎತ್ತರದಿಂದ ಉದುರಿಸುವುದು ಬೇಡ, ಆಹಾರ ತಾಗುವ ಮೈಯಾದರೆ ಧಾರಾಳ ನೀರು ಬೇಕು. ಇದೇ ಥರದ ಡಬ್ಬಿಯಲ್ಲಿ ಕ್ಲೋರಿನ್ ಬ್ಲೀಚು ಬೆರೆಸಿದ ತಿಕ್ಕುಪುಡಿಗಳೂ ಬರುತ್ತವೆ. ಪಕ್ಕದಲ್ಲಿಟ್ಟರೆ ಅವಳಿ ಮಕ್ಕಳ ಹಾಗೆ, ಕೆಲಸ ತದ್ವಿರುದ್ಧ. ಚೀಟಿ ಓದದೆ ಕೈ ಹಾಕಬೇಡಿ; ಎರಡನ್ನೂ ಒಟ್ಟಿಗೆ ಅಂತೂ ಎಂದೂ ಬಳಸಬೇಡಿ.

ಸಿಟ್ರಿಕ್ ಆಮ್ಲ

ಸುಣ್ಣಕ್ಕೆ ಇದು. ಡಿಶ್‌ವಾಶರಿನ ಒಳಮೈ, ಆವಿಯ ಓವನ್, ಬಿಸಿನೀರಿನ ಪಾತ್ರೆ, ನಲ್ಲಿಯ ಬುಡ. ಒಂದು ಲೀಟರ್ ಬೆಚ್ಚನೆಯ ನೀರಿಗೆ 50 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ. ಸುಣ್ಣದ ಮೇಲೆ ಬಿದ್ದ ಕೂಡಲೇ ಸಣ್ಣಗೆ ನೊರೆಯೇಳುತ್ತದೆ, ನೊರೆ ನಿಂತರೆ ಒಂದೋ ಸುಣ್ಣ ಮುಗಿದಿದೆ, ಇಲ್ಲವೇ ಆಮ್ಲ ಮುಗಿದಿದೆ. ಹೊಸದಾಗಿ ಸ್ವಲ್ಪ ಹಾಕಿ ನೋಡಿದರೆ ಯಾವುದೆಂದು ತಿಳಿಯುತ್ತದೆ. ನಿಂತ ಮೈಯಾದರೆ ಬಟ್ಟೆ ನೆನೆಸಿ ಅಂಟಿಸಿ, 15ರಿಂದ 20 ನಿಮಿಷ ಬಿಟ್ಟು ತೊಳೆಯಿರಿ. ವಿನೆಗರೂ ಇದೇ ಕೆಲಸ ಮಾಡುತ್ತದೆ, ಆದರೆ ನಿಧಾನ, ಇಡೀ ಅಡುಗೆಮನೆ ನಾರುತ್ತದೆ. ಪುಡಿ ಕೊಂಡಿಡುವುದೇ ಮೇಲು.

ಸಿಟ್ರಿಕ್ ಆಮ್ಲಕ್ಕೆ ಇನ್ನೊಂದು ಗುಣವಿದೆ, ಹೆಚ್ಚಿನವರು ಅದನ್ನು ಬಳಸಿಕೊಳ್ಳುವುದಿಲ್ಲ. ಮೈಯಲ್ಲಿ ಹುದುಗಿದ ಸಾದಾ ಕಬ್ಬಿಣದ ಕಣಗಳನ್ನು ಅದು ಕರಗಿಸಿ, ಕ್ರೋಮಿಯಂ ಪೊರೆ ಮತ್ತೆ ಚೆನ್ನಾಗಿ ಕಟ್ಟಿಕೊಳ್ಳಲು ಬಿಡುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಮೈಗೆ ಹೀಗೆ ಆಮ್ಲದ ಉಪಚಾರ ಮಾಡುವುದಕ್ಕಿರುವ ಎಎಸ್‌ಟಿಎಂ ಎ967 ಎಂಬ ಮಾನಕದಲ್ಲಿ ಇದರ ಒಂದು ವಿಧಾನ ಹೀಗಿದೆ: ಶೇ 4ರಿಂದ 10ರ ಸಿಟ್ರಿಕ್ ದ್ರಾವಣ, 21ರಿಂದ 49 ಡಿಗ್ರಿ ಬಿಸಿ, ಕನಿಷ್ಠ 20 ನಿಮಿಷ. ಲೀಟರಿಗೆ 50 ಗ್ರಾಂ ಹಾಕಿದರೆ ಆ ಅಳತೆಯೊಳಗೇ ಬಂತು. ಕಬ್ಬಿಣದ ನಾರಿನಿಂದ ಉಜ್ಜಿ ಕೆಡಿಸಿದ ಟೇಬಲ್ಲನ್ನು ಮೊದಲು ಜಿಡ್ಡಿಲ್ಲದಂತೆ ತೊಳೆದು, ಹೀಗೆ 20 ನಿಮಿಷ ಒದ್ದೆಯಾಗಿಟ್ಟರೆ ಚುಕ್ಕೆಗಳು ಮರುಕಳಿಸುವುದು ತಗ್ಗುತ್ತದೆ. ಜಿಡ್ಡಿದ್ದರೆ ಆಮ್ಲ ಸ್ಟೀಲನ್ನು ಮುಟ್ಟುವುದೇ ಇಲ್ಲ.

ಸುಣ್ಣ ತೆಗೆಯುವ ಹೆಸರಿನಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಮಾತ್ರ ಒಳಗೆ ಬರಬಾರದು. ಟೈಲು, ಶೌಚಾಲಯ ತೊಳೆಯುವ ಕೆಲವು ದ್ರವಗಳಲ್ಲಿ ಇರುವುದು ಅದೇ. ಸ್ಟೀಲಿಗೆ ಹಾಕುವುದಿರಲಿ, ನೆಲಕ್ಕೆ ಸುರಿದರೂ ಅದರ ಆವಿ ಮೇಲೆದ್ದು ಟೇಬಲ್ಲಿನ ಕಾಲು, ಕೆಳಗಿನ ಶೆಲ್ಫು ತುಕ್ಕು ಹಿಡಿಯುತ್ತವೆ. ನೆಲ ತೊಳೆದ ವಾರದಲ್ಲಿ ಉಪಕರಣಗಳ ಕೆಳಭಾಗವೆಲ್ಲ ಕಂದಾದರೆ ಮೊದಲ ಅನುಮಾನ ಇದರ ಮೇಲಿರಲಿ.

ಪ್ಯಾಡು, ಬ್ರಶ್ಶು, ನಾರು

ಕಬ್ಬಿಣದ ನಾರು ಸಾದಾ ಉಕ್ಕಿನದು. ಉಜ್ಜುವಾಗ ಕೂದಲಿಗಿಂತ ಸಣ್ಣ ಚೂರುಗಳು ಮುರಿದು ಸ್ಟೀಲಿನ ಗೆರೆಗಳಲ್ಲಿ ಸಿಕ್ಕಿಕೊಳ್ಳುತ್ತವೆ, ಒದ್ದೆ ತಾಗಿ ರಾತ್ರೋರಾತ್ರಿ ತುಕ್ಕಾಗುತ್ತವೆ. ಸ್ಟೀಲೇ ತುಕ್ಕು ಹಿಡಿಯಿತು ಎಂದು ಮರುದಿನ ಮತ್ತೆ ಅದೇ ನಾರಿನಿಂದ ಉಜ್ಜುತ್ತಾರೆ, ಗಾಯದ ಮೇಲೆ ಬರೆ. ಸುರುಳಿ ಸುರುಳಿಯಾದ ಸ್ಟೇನ್‌ಲೆಸ್ ಸ್ಕ್ರಬ್ಬರು ಕಬ್ಬಿಣ ಬಿಡುವುದಿಲ್ಲ, ಆದರೆ ಗೀರುವುದರಲ್ಲಿ ಏನೂ ಕಡಿಮೆಯಿಲ್ಲ. ಅದು ತಳ ಹಿಡಿದ ಪಾತ್ರೆಗೆ ಇರಲಿ, ಟೇಬಲ್ಲಿಗೆ ಬೇಡ.

ಸ್ಕಾಚ್‌ಬ್ರೈಟ್ ಥರದ ಪ್ಯಾಡುಗಳಲ್ಲಿ ಬಣ್ಣ ನೋಡಿ ಆರಿಸಬೇಕು. ಬಿಳಿ ಪ್ಯಾಡು ಸೌಮ್ಯ, ದಿನದ ಬಳಕೆಗೆ ಅದು. ಹಸಿರು ಪ್ಯಾಡಿನಲ್ಲಿ ಉಜ್ಜುವ ಗಟ್ಟಿ ಕಣಗಳಿವೆ. ಹೊಳಪಿನ ಮೈಗೆ ಹಾಕಿದರೆ ಮಂಕಾಗುವುದು ಖಚಿತ, ಗೆರೆ ಫಿನಿಶ್‌ನ ಮೈಗಾದರೂ ಉದ್ದಕ್ಕೆ ಮಾತ್ರ. ಕಂದುಗೆಂಪು ಪ್ಯಾಡು ತೊಳೆಯಲು ಅಲ್ಲವೇ ಅಲ್ಲ, ಗೀರು ಮರೆಸಲು. ಚಾಕು ಅಡ್ಡ ಎಳೆದ ಗುರುತಿದ್ದರೆ ಅದರ ಎರಡೂ ಕಡೆ ಒಂದೊಂದು ಅಡಿ ಸೇರಿಸಿಕೊಂಡು, ಗೆರೆಯುದ್ದಕ್ಕೆ, ಒಂದೇ ದಿಕ್ಕಿನಲ್ಲಿ, ಒಂದೇ ಒತ್ತಡದಲ್ಲಿ ಎಳೆಯುತ್ತಾ ಹೋದರೆ ಗೀರು ಸುತ್ತಲಿನ ಗೆರೆಗಳಲ್ಲಿ ಸೇರಿಹೋಗುತ್ತದೆ. ಗೀರಿನ ಮೇಲಷ್ಟೇ ಉಜ್ಜಿದರೆ ಗೀರು ಹೋಗಿ ದೊಡ್ಡ ಮಚ್ಚೆ ಬರುತ್ತದೆ. ಮುಗಿದ ಮೇಲೆ ಪುಡಿಯೆಲ್ಲ ತೊಳೆದು ಒಣಗಿಸಿ, ಒಂದು ದಿನ ಉಪ್ಪು, ಬ್ಲೀಚು ತಾಗಿಸಬೇಡಿ. ಹೊಸ ಮೈಗೆ ಪೊರೆ ಕಟ್ಟಿಕೊಳ್ಳಲಿ. ಸಾದಾ ಉಕ್ಕಿಗೆ ಬಳಸಿದ ಪ್ಯಾಡನ್ನು ಸ್ಟೇನ್‌ಲೆಸ್‌ಗೆ ತರುವುದೂ ಕಬ್ಬಿಣದ ನಾರಿನಷ್ಟೇ ಕೆಟ್ಟದ್ದು.

ಕರಕಲು ಎಬ್ಬಿಸಲು ಲೋಹದ ಬದಲು ಗಟ್ಟಿ ಪ್ಲಾಸ್ಟಿಕ್ಕಿನ ಸ್ಕ್ರೇಪರ್ ಸಾಕು, ಡಿಗ್ರೀಸರಿನಲ್ಲಿ ನೆನೆದಿದ್ದರೆ.

ಬ್ಲೀಚು

ಬ್ಲೀಚು ಕೊಳೆ ತೆಗೆಯುವ ಸರಕಲ್ಲ, ತೊಳೆದ ಮೈಯ ಸೂಕ್ಷ್ಮಾಣುಗಳನ್ನು ಕೊಲ್ಲುವ ಸರಕು. ಜಿಡ್ಡಿನ ಮೇಲೆ ಸುರಿದರೆ ಅದರ ಶಕ್ತಿ ಜಿಡ್ಡಿನ ಜೊತೆ ಗುದ್ದಾಡುವುದರಲ್ಲೇ ಮುಗಿದುಹೋಗುತ್ತದೆ. ಆಹಾರ ತಾಗುವ ಮೈಗಳಿಗೆ ಬೇಕಾದ ಕ್ಲೋರಿನ್ ಸಾಮಾನ್ಯವಾಗಿ 50ರಿಂದ 100 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ ಅಷ್ಟು ಪಾಲು. ಶೇ 5ರ ಬ್ಲೀಚಾದರೆ 10 ಲೀಟರ್ ನೀರಿಗೆ 20 ಮಿಲಿ ಹಾಕಿದರೆ 100 ಪಿಪಿಎಂ ಬಂತು, ಅಂದರೆ ನಾಲ್ಕು ಟೀ ಚಮಚ. ಕಣ್ಣಳತೆಯಲ್ಲಿ ಗಳಗಳ ಸುರಿದರೆ ಇದರ ಹತ್ತು ಪಟ್ಟು ದಾಟುವುದು ಏನೂ ಕಷ್ಟವಲ್ಲ. ಹಳೆಯ ಕ್ಯಾನಿನ ಬ್ಲೀಚು ಸತ್ವ ಕಳೆದುಕೊಂಡಿರುತ್ತದೆ, ಹಾಗಾಗಿ ಪರೀಕ್ಷೆಯ ಕಾಗದದ ಪಟ್ಟಿ ಅದ್ದಿ ಬಣ್ಣ ನೋಡುವುದೇ ಸರಿಯಾದ ಲೆಕ್ಕ.

ಸ್ಟೀಲಿಗೆ ಪೆಟ್ಟು ಬೀಳುವುದು ಒಣಗುವಾಗ. ಬ್ಲೀಚಿನ ತಯಾರಿಯಲ್ಲೇ ಉಪ್ಪು ಸೇರಿರುತ್ತದೆ, ಬ್ಲೀಚು ಹಳತಾಗಿ ಒಡೆದಂತೆ ಕ್ಲೋರೈಡು ಇನ್ನೂ ಹೆಚ್ಚುತ್ತದೆ. ಸಿಂಕಿನ ಮೂಲೆಯಲ್ಲಿ ನಿಂತ ಒಂದು ಹನಿ ಹತ್ತನೇ ಒಂದರಷ್ಟಾಗುವ ಹೊತ್ತಿಗೆ ಅದರೊಳಗಿನ ಕ್ಲೋರೈಡು ಹತ್ತು ಪಟ್ಟು ದಟ್ಟವಾಗಿರುತ್ತದೆ. ಅದು ಪೊರೆಯಲ್ಲಿ ಸೂಜಿಮೊನೆಯಷ್ಟು ತೂತು ಮಾಡಿ ಒಳಗೆ ಇಳಿಯುತ್ತದೆ. ಬಾಯಿ ಸಣ್ಣದು, ಒಳಗೆ ಹೊಟ್ಟೆ ದೊಡ್ಡದು. ಹೊರಗೆ ಒಂದು ಚುಕ್ಕೆ ಕಾಣುವಾಗ ಒಳಗೆ ತಗಡು ತೆಳುವಾಗಿರುತ್ತದೆ. ಬ್ಲೀಚು ನೀರು ತುಂಬಿದ ಬಕೆಟ್ಟನ್ನು ಸಿಂಕಿನಲ್ಲಿ, ಅದ್ದಿದ ಬಟ್ಟೆಯನ್ನು ಟೇಬಲ್ಲಿನ ಮೇಲೆ ರಾತ್ರಿಯಿಡೀ ಬಿಡುವುದು ಇದಕ್ಕೆ ನೇರ ಆಹ್ವಾನ. ಚೀಟಿಯಲ್ಲಿ ಹೇಳಿದಷ್ಟೇ ಹೊತ್ತು ಒದ್ದೆಯಾಗಿಡಿ, ಆಮೇಲೆ ಇಳಿದುಹೋಗಲು ಬಿಡಿ, ಮೂಲೆಗಳಲ್ಲಿ ನಿಲ್ಲದಂತೆ ನೋಡಿಕೊಳ್ಳಿ. ಆಹಾರ ತಾಗುವ ಮೈಯನ್ನು ಸ್ಯಾನಿಟೈಜ್ ಮಾಡಿದ ಮೇಲೆ ಬಟ್ಟೆಯಲ್ಲಿ ಒರೆಸದೆ ಗಾಳಿಗೆ ಒಣಗಲು ಬಿಡುವುದು ನಿಯಮ. ಸ್ಟೀಲಿನ ಆರೋಗ್ಯಕ್ಕೂ ಆಹಾರದ ಸುರಕ್ಷತೆಗೂ ಇಲ್ಲಿ ಸ್ವಲ್ಪ ಜಗಳವಿದೆ, ಅಳತೆ ಸರಿಯಾಗಿದ್ದರೆ ಜಗಳ ಸಣ್ಣದಾಗುತ್ತದೆ. ತಾಪತ್ರಯವೇ ಬೇಡ ಎಂದರೆ ಕ್ವಾಟ್ ಎಂದು ಕರೆಯುವ ಅಮೋನಿಯಂ ಬಗೆಯ ಸ್ಯಾನಿಟೈಜರ್ ಸ್ಟೀಲಿಗೆ ಸೌಮ್ಯ. ಆದರೆ ಸೋಪು ಉಳಿದ ಮೈಯಲ್ಲಿ ಅದರ ಶಕ್ತಿ ಕುಂದುತ್ತದೆ, ತೊಳೆಯುವುದು ಇನ್ನೂ ಚೆನ್ನಾಗಿ ಆಗಬೇಕು.

ಬ್ಲೀಚಿಗೆ ಯಾವ ಆಮ್ಲವೂ ಸೇರಬಾರದು, ಮೇಲೆ ಹೊಗಳಿದ ಆಕ್ಸಾಲಿಕ್, ಸಿಟ್ರಿಕ್ ಕೂಡ. ಬರುವುದು ಕ್ಲೋರಿನ್ ಅನಿಲ. ಎರಡನ್ನೂ ಬೇರೆ ಬೇರೆ ಶೆಲ್ಫಿನಲ್ಲಿಡಿ.

ಉಪ್ಪಿನ ಬಗ್ಗೆಯೂ ಒಂದು ಮಾತು, ಇದು ತೊಳೆಯುವವರಿಗಲ್ಲ, ಅಡುಗೆಯವರಿಗೆ. ತಣ್ಣೀರು ತುಂಬಿದ ಸ್ಟೀಲ್ ಪಾತ್ರೆಗೆ ಉಪ್ಪು ಹಾಕಿದರೆ ಹರಳು ತಳಕ್ಕೆ ಹೋಗಿ ಕೂತು ಅಲ್ಲೇ ಗುಳಿ ಮಾಡುತ್ತದೆ. ಕುದಿ ಬಂದ ಮೇಲೆ ಹಾಕಿ ಕಲಕಿದರೆ ಆ ತೊಂದರೆಯಿಲ್ಲ.

ಹೊಳಪಿನ ಸ್ಪ್ರೇ

ಮೇಲೆ ಥಳುಕು ಒಳಗೆ ಹುಳುಕು ಎಂಬ ಗಾದೆ ಈ ಡಬ್ಬಿಯ ಮೇಲೆ ಅಚ್ಚು ಹಾಕಿಸಬಹುದು. ಈ ಸ್ಪ್ರೇಗಳಲ್ಲಿ ಹೆಚ್ಚಿನವುಗಳ ಕೆಲಸ ಮಿನರಲ್ ಆಯಿಲ್ಲಿನದು. ತೆಳು ಎಣ್ಣೆ ಗೆರೆಗಳನ್ನು ತುಂಬಿ ಬೆಳಕು ಸಮನಾಗಿ ಹೊಮ್ಮುವಂತೆ ಮಾಡುತ್ತದೆ, ಬೆರಳಚ್ಚು ಮರೆಯಾಗುತ್ತದೆ. ಫ್ರಿಜ್ಜಿನ ಬಾಗಿಲು, ಊಟದ ಹಾಲಿಗೆ ಕಾಣುವ ಕೌಂಟರಿನ ಮುಂಭಾಗ, ಇಂಥ ಕಡೆ ಬಳಸಿದರೆ ತಪ್ಪಿಲ್ಲ. ಆಹಾರ ತಾಗುವ ಕಡೆ ಬೇಡ; ಎ7 ಎಂದು ಬರೆದಿದ್ದರೆ ಅದರ ಅರ್ಥವೇ ಅದು. ಬಿಸಿ ಮೈಗೂ ಬೇಡ, ಎಣ್ಣೆ ಕಾದು ಹಳದಿ ಪದರವಾಗುತ್ತದೆ. ಒಲೆಯ ಹತ್ತಿರ ಅಂತೂ ಬೇಡವೇ ಬೇಡ; ಎಷ್ಟೋ ಏರೋಸಾಲ್ ಡಬ್ಬಿಗಳಲ್ಲಿ ತಳ್ಳುವ ಅನಿಲ ಪ್ರೊಪೇನ್, ಬ್ಯುಟೇನ್ ಆಗಿರುತ್ತದೆ, ಒಲೆ ಹೊತ್ತಿಸಲು ಸದಾ ಉರಿಯುವ ಪುಟ್ಟ ಪೈಲಟ್ ಜ್ವಾಲೆ ಇರುವಾಗ ಸ್ಪ್ರೇ ಮಾಡಿದರೆ ಮುಂದಿನದನ್ನು ಹೇಳಬೇಕಿಲ್ಲ.

ಕೊಳೆಯ ಮೇಲೆ ಹೊಡೆದರೆ ಕೊಳೆ ಒಳಗೇ ಉಳಿಯುತ್ತದೆ. ದಿನಾ ಹೊಡೆದರೆ ಎಣ್ಣೆ ಪದರ ಪದರವಾಗಿ ಕೂತು ಧೂಳು ಹಿಡಿಯುತ್ತದೆ, ಬಟ್ಟೆ ಎಳೆದಲ್ಲೆಲ್ಲ ಪಟ್ಟೆ. ಆ ಹಂತಕ್ಕೆ ಬಂದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಅಥವಾ ತೆಳು ಡಿಗ್ರೀಸರಿನಲ್ಲಿ ಪೂರ್ತಿ ತೆಗೆದು ಮೊದಲಿಂದ ಶುರು ಮಾಡಬೇಕು. ಆಲ್ಕೊಹಾಲೂ ಬೆಂಕಿಯಿಂದ ದೂರವಿರಲಿ. ಬಳಸುವುದಾದರೆ ವಾರಕ್ಕೊಮ್ಮೆ, ತೊಳೆದು ಒಣಗಿಸಿದ ಮೈಗೆ, ಬಟ್ಟೆಗೆ ಎರಡು ಸಲ ಒತ್ತಿದಷ್ಟು. ಒಂದು ಬಾಗಿಲಿಗೆ ಅದು ಧಾರಾಳ. ಹಚ್ಚಿದ ಮೇಲೆ ಇನ್ನೊಂದು ಒಣ ಬಟ್ಟೆಯಲ್ಲಿ ಉಳಿದದ್ದನ್ನು ತೆಗೆದುಬಿಡಿ. ಬೆರಳಿಟ್ಟರೆ ಜಿಡ್ಡು ತಾಗಬಾರದು, ತಾಗಿದರೆ ಹೆಚ್ಚಾಗಿದೆ.

ಬಟ್ಟೆ

ಮೈಕ್ರೋಫೈಬರ್ ಬಟ್ಟೆಯೇ ಸರಿ, ಎರಡು ಬಣ್ಣದ್ದು: ಒಂದು ಒದ್ದೆಗೆ, ಒಂದು ಒಣಗಿಸಲು. ನಾಲ್ಕು ಮಡಿಕೆ ಮಾಡಿದರೆ ಒರೆಸಲು ಎಂಟು ಮುಖ ಸಿಗುತ್ತವೆ. ಒಂದು ಮುಖ ಕೊಳೆಯಾದ ಕೂಡಲೇ ತಿರುಗಿಸಿಕೊಳ್ಳಬೇಕು, ಇಲ್ಲದಿದ್ದರೆ ಒಲೆಯ ಜಿಡ್ಡು ಫ್ರಿಜ್ಜಿಗೆ ಪ್ರಯಾಣ ಮಾಡುತ್ತದೆ. ಒಗೆಯುವಾಗ ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಬೇಡಿ. ಅದು ನೂಲಿಗೆ ಮೇಣದಂಥ ಪದರ ಬಳಿದು ನೀರು ಹೀರದಂತೆ ಮಾಡುತ್ತದೆ, ಆ ಪದರವೇ ಮರುದಿನ ಸ್ಟೀಲಿನ ಮೇಲೆ ಪಟ್ಟೆಯಾಗಿ ಇಳಿಯುತ್ತದೆ. ಬ್ಲೀಚಿನಲ್ಲೂ ನೆನೆಹಾಕಬೇಡಿ, ನೂಲು ಒರಟಾಗುತ್ತದೆ. ಒಣಗಿಸುವ ಬಟ್ಟೆ ಎಳೆದಾಗ ಹಿಂದೆ ಮಂಜಿನಂಥ ತೇವ ಉಳಿದು ಕ್ಷಣದಲ್ಲಿ ಆರಿಹೋದರೆ ಬಟ್ಟೆ ಚೆನ್ನಾಗಿದೆ. ಹನಿಗಳನ್ನೇ ಮುಂದಕ್ಕೆ ತಳ್ಳಿಕೊಂಡು ಹೋಗುತ್ತಿದ್ದರೆ ಅದನ್ನು ನೆಲ ಒರೆಸಲು ಕೊಟ್ಟು ಹೊಸದನ್ನು ತೆಗೆಯಿರಿ.